ಮಳೆಗಾಲದ ಮಡಿಕೇರಿಗೆ ಊಟಕ್ಕೆಂದೇ ಬಂದವರು

ಜುಲೈ ಎರಡನೇ ವಾರ ತಮ್ಮ ಫೋನ್ ಮಾಡಿದ. "ಅಕ್ಕ, ಆಗಸ್ಟ್ ಮೊದಲ ವಾರ ರಜೆ ಸಿಕ್ಕಿದೆ. ಇಬ್ಬರೂ ನಿಮ್ಮೂರಿಗೆ ಬರ್ತೀವಿ" ಅಂದ. ಮದುವೆಯಾಗಿ ಎಂಟು ತಿಂಗಳಾದರೂ ಇಬ್ಬರೇ ಎಲ್ಲೂ ಹೋಗಿರಲಿಲ್ಲ. ನನಗೆ ತುಂಬಾ ಖುಷಿಯಾಯಿತು. ಹಿಂದೆಯೇ ವಾಟ್ಸಾಪ್‌ನಲ್ಲಿ ಒಂದು ಪಟ್ಟಿಯೂ ಬಂತು. ತಲಕಾವೇರಿ, ಭಾಗಮಂಡಲ, ಅಬ್ಬಿ, ಮಾಂದಲ್‌ಪಟ್ಟಿ, ದುಬಾರೆ, ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್, ರಾಜಾಸೀಟ್. ಎಲ್ಲಕ್ಕಿಂತ ಕೆಳಗೆ, 'ಟೈಮ್ ಸಿಕ್ಕರೆ ಪಂದಿ ಕರಿ', ಅಂದರೆ ಹಂದಿ ಮಾಂಸದ ಸಾರು.

ಆ ಕೊನೆಯ ಸಾಲು ನೋಡಿ ಮನಸ್ಸಿಗೆ ಏನೋ ಕಸಿವಿಸಿ ಆಯಿತು. ತಲಕಾವೇರಿ ಒಂದಕ್ಕೇ ಮಡಿಕೇರಿಯಿಂದ ಹೆಚ್ಚುಕಮ್ಮಿ 45 ಕಿಲೋಮೀಟರ್. ಮಳೆಯಲ್ಲಿ ಹೋಗಿ ಬರುವಷ್ಟರಲ್ಲಿ ಒಂದು ದಿನ ಕಳೆದೇ ಹೋಗುತ್ತೆ. ಇವರಿಗಿದ್ದದ್ದು ಎರಡು ದಿನ. ಎಲ್ಲಾ ಕಡೆ ಕಾರಿನ ಗಾಜಿನಿಂದ ಮಂಜು ನೋಡಿ, ದಾರಿಯಲ್ಲಿ ಸಿಕ್ಕಿದ್ದು ತಿಂದು ವಾಪಸ್ ಹೋಗುತ್ತಾರೆ ಅಷ್ಟೇ ಅನಿಸಿತು.

ತಮ್ಮನ ಹೆಂಡತಿಗೆ ನಾನೇ ಫೋನ್ ಮಾಡಿದೆ. ನಿನಗೇನು ಆಸೆ ಹೇಳಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅತ್ತಿಗೆ, ನನಗೆ ಜಾಗಗಳಿಗಿಂತ ಅಲ್ಲಿಯ ಊಟದ್ದೇ ಆಸೆ. ಆದ್ರೆ ನಾನು ಮಾಂಸ ತಿನ್ನಲ್ಲ ಅಲ್ವಾ? ಕೊಡಗಿನಲ್ಲಿ ನನಗೆ ಏನಿದೆ?" ಅಂದಳು.

ಒಂಬತ್ತು ವರ್ಷದಿಂದ ಈ ಊರಲ್ಲಿ ಟೀಚರ್ ಆಗಿದ್ದೇನೆ. ಈ ಪ್ರಶ್ನೆ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಕೊಡಗು ಅಂದರೆ ಪಂದಿ ಕರಿ, ಅದು ತಿನ್ನದವರಿಗೆ ಇಡ್ಲಿ ದೋಸೆ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಆವತ್ತೇ ತೀರ್ಮಾನ ಮಾಡಿದೆ. ತಿನ್ನುವವನಿಗೆ, ತಿನ್ನದವಳಿಗೆ, ಇಬ್ಬರಿಗೂ ಸಮನಾಗಿ ಹೊಟ್ಟೆ ತುಂಬುವ ಹಾಗೆ ಪ್ಲಾನ್ ಮಾಡಬೇಕು. ಊಟದ ಹೊತ್ತು ಮೊದಲು ಬರೆಯಬೇಕು. ಊರು ನೋಡುವುದನ್ನು ಅದರ ನಡುವೆ ಇಡಬೇಕು.

ಶಾಲೆಯ ಹಳೇ ನೋಟ್‌ಬುಕ್ ತೆಗೆದು ಕೂತೆ. ಶುಕ್ರವಾರ ಮಧ್ಯಾಹ್ನ ಬಂದು ಭಾನುವಾರ ಮಧ್ಯಾಹ್ನ ಹೊರಡುವುದು ಅಂತ ಇಟ್ಟುಕೊಂಡರೆ ಸಿಗುವುದು ಆರು ಹೊತ್ತು, ಹೊರಡುವಾಗ ಕಟ್ಟಿಕೊಡುವ ಬುತ್ತಿ ಸೇರಿದರೆ ಏಳು. ಏಳೇ ಹೊತ್ತು! ಒಂದು ಹೊತ್ತಿಗೆ ಒಂದೇ ಹೊಸ ರುಚಿ ಅಂತ ನಿಯಮ ಮಾಡಿಕೊಂಡೆ. ಇದು ಬಹಳ ಮುಖ್ಯ. ಒಂದೇ ತಟ್ಟೆಗೆ ಕಡಂಬುಟ್ಟು, ನೂಪುಟ್ಟು, ಒಟ್ಟಿ ಎಲ್ಲಾ ಹಾಕಿಸಿಕೊಂಡರೆ ಯಾವುದರ ರುಚಿಯೂ ನೆನಪಿರಲ್ಲ. ಎಲ್ಲವೂ ಅಕ್ಕಿಯದೇ, ನಿಜ. ಆದರೆ ಒಂದೊಂದಕ್ಕೂ ಒಂದು ಜೋಡಿ ಇದೆ. ಅಕ್ಕಿ ತರಿಯ ಉಂಡೆ ಕಡಂಬುಟ್ಟಿಗೆ ಪಂದಿ ಕರಿ. ಶಾವಿಗೆಯಂತೆ ಒತ್ತಿದ ನೂಪುಟ್ಟಿಗೆ ಕೋಳಿ ಕರಿ. ಅನ್ನ ಮತ್ತು ಅಕ್ಕಿ ಹಿಟ್ಟು ಸೇರಿಸಿ ನಾದಿ ಬೇಯಿಸುವ ಒಟ್ಟಿಗೆ ಎಳ್ಳಿನ ಪಜ್ಜಿ ಅಂದರೆ ಚಟ್ನಿ, ಕುಂಬಳಕಾಯಿ ಕರಿ. ಅಕ್ಕಿ ತರಿ, ತೆಂಗಿನ ತುರಿ, ಹಾಲು ಹಾಕಿ ತಟ್ಟೆಯಲ್ಲಿ ಹಬೆಗೆ ಬೇಯಿಸುವ ಪಾಪುಟ್ಟಂತೂ ಬರೀ ಬಾಯಲ್ಲೇ ತಿನ್ನಬಹುದು.

ನೋಟ್‌ಬುಕ್ ಹಿಡಿದು ಕೆಳಗಿನ ಮನೆಗೆ ಇಳಿದೆ. ನಮ್ಮ ಮನೆ ಓನರ್ ಅಕ್ಕ ಕೊಡವರು. ಅರವತ್ತು ದಾಟಿದ್ದಾರೆ. ಬಂದ ಹೊಸತರಲ್ಲಿ ಮಳೆಗೆ ಬಟ್ಟೆ ಒಣಗಿಸುವುದರಿಂದ ಹಿಡಿದು ಎಲ್ಲಾ ಕಲಿಸಿಕೊಟ್ಟವರು ಅವರೇ. ದಿನಾಂಕ ಹೇಳಿದ ಕೂಡಲೇ ಅವರ ಮುಖ ಅರಳಿತು. "ಟೀಚರೇ, ಆಗಸ್ಟ್ 3 ಕಕ್ಕಡ ಪದಿನೆಟ್ಟ್ ಅಲ್ವಾ! ಆ ಹುಡುಗಿಗೆ ಮದ್ದು ಪಾಯಸ ತಿನ್ನಿಸದೆ ಕಳಿಸಬೇಡಿ" ಅಂದರು.

ಕಕ್ಕಡ ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳು. ತುಳುವರು ಆಟಿ ಅನ್ನುತ್ತಾರಲ್ಲ, ಅದೇ. ಗದ್ದೆ ಕೆಲಸದ ತಿಂಗಳು, ಜಡಿಮಳೆಯ ತಿಂಗಳು. ಈ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರುತ್ತೆ ಅನ್ನುವುದು ನಂಬಿಕೆ. ಆ ಸೊಪ್ಪು ಕುದಿಸಿದ ನೀರಿನಲ್ಲಿ ಮಾಡುವುದೇ ಮದ್ದು ಪಾಯಸ. ಈ ಸಲ ಅದು ಸರಿಯಾಗಿ ಭಾನುವಾರವೇ ಬಿದ್ದಿತ್ತು. ಹುಡುಕಿದರೂ ಇಂಥ ವಾರ ಸಿಗುತ್ತಿರಲಿಲ್ಲ.

ಕೊಡಗಿಗೆ ಯಾವಾಗ ಬರಬೇಕು ಅಂದರೆ ಅಕ್ಟೋಬರ್ ಆದಮೇಲೆ ಅಂತಾರೆ. ನೋಡಲು ಬರುವವರಿಗೆ ಅದು ಸರಿಯೇ. ಆದರೆ ತಿನ್ನಲು ಬರುವವರು, ಅದರಲ್ಲೂ ಸಸ್ಯಾಹಾರಿಗಳು, ಮಳೆಗಾಲದಲ್ಲೇ ಬರಬೇಕು ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಬಿದಿರು ಕಳಲೆ, ಕೆಸುವಿನ ಸೊಪ್ಪು, ಅಣಬೆ, ಮದ್ದು ಸೊಪ್ಪು, ಎಲ್ಲವೂ ಈ ಮಳೆಯ ಮಕ್ಕಳು. ಬೇಸಿಗೆಯಲ್ಲಿ ಬಿದ್ದ ಕಾಡು ಮಾವಿನಕಾಯಿಯೂ ಉಪ್ಪುನೀರಿನ ಭರಣಿಯಲ್ಲಿ ಕೂತು ಈ ತಿಂಗಳಿಗೇ ಕಾಯುತ್ತಿರುತ್ತೆ. ನನ್ನ ನೋಟ್‌ಬುಕ್‌ನಲ್ಲಿ ಅವಳ ಸಾಲು ತಮ್ಮನ ಸಾಲಿಗಿಂತ ಉದ್ದವಾಯಿತು.

ಅಣಬೆಯನ್ನು ಮಾತ್ರ ಪ್ಲಾನ್‌ನಿಂದ ತೆಗೆದೆ. ಕೊಡವ ಭಾಷೆಯಲ್ಲಿ ಕುಮ್ಮು ಅನ್ನುತ್ತಾರೆ. ಯಾವಾಗ ಏಳುತ್ತೆ, ಎಲ್ಲಿ ಏಳುತ್ತೆ ಅಂತ ಯಾರೂ ಹೇಳಲಾರರು. ಸಿಕ್ಕರೆ ಭಾಗ್ಯ.

ಕಳಲೆಯದು ಹಾಗಲ್ಲ. ಅದಕ್ಕೆ ಮುಂಚೆಯೇ ಲೆಕ್ಕ ಹಾಕಬೇಕು. ಮಡಿಕೇರಿ ಸಂತೆ ಶುಕ್ರವಾರ. ಇವರು ಬರುವುದೂ ಶುಕ್ರವಾರ. ಆವತ್ತೇ ಕೊಂಡು ಆವತ್ತೇ ಮಾಡೋಣ ಅಂತಿದ್ದೆ. ಅಕ್ಕ ಅಲ್ಲೇ ತಡೆದರು. ಎಳೆ ಕಳಲೆಯನ್ನು ತೆಳುವಾಗಿ ಹೆಚ್ಚಿ ಎರಡು ಮೂರು ದಿನ ನೀರಲ್ಲಿ ನೆನೆಹಾಕಲೇಬೇಕು. ದಿನಾ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತೆ. ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿದರೆ ಮಾತ್ರ ತಿನ್ನಲು ಆಗುತ್ತೆ. ಹಾಗಾಗಿ ಹಿಂದಿನ ವಾರದ ಸಂತೆಗೇ ಹೋಗಬೇಕಾಯಿತು. ಜುಲೈ 25ರಂದು ಶಾಲೆ ಬಿಟ್ಟ ಮೇಲೆ ಕೊಡೆ ಹಿಡಿದು ಹೋದೆ. ಪ್ಲಾಸ್ಟಿಕ್ ಹೊದ್ದುಕೊಂಡು ಕೂತಿದ್ದ ಒಬ್ಬ ಅಜ್ಜಿಯ ಹತ್ತಿರ ಎರಡು ಕಳಲೆ ತಂದೆ. ಸಿಪ್ಪೆ ಬಿಡಿಸುತ್ತಾ ಹೋದರೆ ಒಳಗೆ ದಂತದ ಬಣ್ಣದ, ಉಂಗುರ ಉಂಗುರವಾಗಿ ಜೋಡಿಸಿದಂಥ ತಿರುಳು. ಗಟ್ಟಿಯಾದ ಬುಡ ತೆಗೆದು ಮಿಕ್ಕಿದ್ದನ್ನು ಹೆಚ್ಚಿ ಸ್ಟೀಲ್ ಪಾತ್ರೆಯಲ್ಲಿ ನೆನೆಹಾಕಿದೆ. ಎರಡನೇ ದಿನಕ್ಕೆ ಒಂಥರಾ ಹುಳಿ ವಾಸನೆ ಶುರುವಾಯಿತು. ಗೊತ್ತಿಲ್ಲದವರು ಕೆಟ್ಟಿದೆ ಅಂತ ಚೆಲ್ಲಿಬಿಡುತ್ತಾರೆ. ಆ ವಾಸನೆಯೇ ಬೈಂಬಳೆ ಕರಿಯ, ಅಂದರೆ ಕಳಲೆ ಸಾರಿನ, ಜೀವ. ಮೂರು ದಿನ ಆದಮೇಲೆ ಉಪ್ಪು ಹಾಕಿ ಬೇಯಿಸಿ, ನೀರು ಬಸಿದು ಫ್ರಿಜ್‌ನಲ್ಲಿಟ್ಟೆ.

ಹೋಟೆಲ್ ಊಟಕ್ಕೂ ಸುಮ್ನೆ ಹೆಸರು ಬರೆದುಕೊಳ್ಳಲಿಲ್ಲ. ಒಂದು ಸಂಜೆ ನಾಲ್ಕು ಕಡೆ ಫೋನ್ ಮಾಡಿದೆ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ: ಪಂದಿ ಕರಿಗೆ ಕಾಚಂಪುಳಿ ಹಾಕ್ತೀರಾ? ಒಂದು ಕಡೆ ಹುಣಸೆಹಣ್ಣು ಅಂದರು. ಇನ್ನೊಂದು ಕಡೆ ವಿನೆಗರ್ ಅಂದರು. ಹೊರಗಿನ ಬೋರ್ಡ್‌ನಲ್ಲಿ ದೊಡ್ಡದಾಗಿ ಕೊಡವ ಶೈಲಿ ಅಂತ ಬರೆದಿರುವ ಜಾಗ ಅದು. ಬೇಸರವಾಯಿತು. ಕಾಚಂಪುಳಿ ಅಂದರೆ ಮಳೆಗಾಲದಲ್ಲಿ ಹಣ್ಣಾಗುವ ಪಣಪುಳಿಯ ರಸವನ್ನು ತೊಟ್ಟಿಕ್ಕಿಸಿ, ಗಂಟೆಗಟ್ಟಲೆ ಕುದಿಸಿ ಕಪ್ಪಗೆ, ಮಂದಕ್ಕೆ ಇಳಿಸಿದ್ದು. ಕರಿಗೆ ಆ ಕಪ್ಪು ಬರುವುದು ಹುರಿದ ಮಸಾಲೆ ಮತ್ತು ಇದರಿಂದಲೇ. ಮಾಂಸದ ಕೊಬ್ಬಿನ ಜಿಡ್ಡನ್ನು ನಾಲಿಗೆಯ ಮೇಲೆ ಕಡಿದು ಹಾಕುವುದೂ ಇದೇ. ಬೇರೆ ಹುಳಿ ಹಾಕಿದರೆ ಅದು ಬೇರೆಯೇ ಸಾರು. ಮೂರನೇ ಕಡೆಯವರು, "ಹಾಕದೆ ಹೇಗೆ ಮಾಡೋದು ಮೇಡಂ?" ಅಂತ ನನ್ನನ್ನೇ ಕೇಳಿದರು. ಅದೇ ಜಾಗ ಬರೆದುಕೊಂಡೆ. ಹನ್ನೆರಡೂವರೆಗೆ ಶುರು, ಎರಡೂವರೆ ಹೊತ್ತಿಗೆ ಖಾಲಿ ಅಂತಲೂ ಹೇಳಿದರು.

ನಡೆಯುವ ದಾರಿಯನ್ನು ನಾನೇ ಒಂದು ಭಾನುವಾರ ಮಳೆಯಲ್ಲಿ ನಡೆದು ನೋಡಿದೆ. ಕೋಟೆ, ಓಂಕಾರೇಶ್ವರ ದೇವಸ್ಥಾನ, ಮಹದೇವಪೇಟೆ, ರಾಜಾಸೀಟ್ ಎಲ್ಲವೂ ಪೇಟೆಯ ಒಳಗೇ ಇವೆ. ಕೊಡಗಿನ ರಾಜರ ಸಮಾಧಿಗಳಿರುವ ಗದ್ದಿಗೆ ಮಾತ್ರ ಸ್ವಲ್ಪ ದೂರ, ಆಟೋ ಬೇಕು. ಏರು ತಗ್ಗಿನ ಊರಾದ್ದರಿಂದ ತಿಂದಿದ್ದು ಕರಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹೊಟ್ಟೆ ತುಂಬಿದ ಮೇಲೆ ಏರು ಬೇಡ, ಇಳಿಜಾರು ಇರಲಿ ಅಂತ ದಾರಿ ತಿರುಗಿಸಿ ಬರೆದೆ. ಗುಡ್ಡದ ರಸ್ತೆಗಳನ್ನು, ಜಲಪಾತವನ್ನು ಪೂರ್ತಿ ಹೊಡೆದುಹಾಕಿದೆ. 2018ರ ಆಗಸ್ಟ್‌ನ ಭೂಕುಸಿತ ಕಂಡವರು ಮಳೆಯಲ್ಲಿ ಅಂಥ ದಾರಿಗೆ ಯಾರನ್ನೂ ಕಳಿಸುವುದಿಲ್ಲ. ತಮ್ಮ ಮೊದಲು ಮುಖ ಸಪ್ಪೆ ಮಾಡಿದ. ಆಮೇಲೆ ಒಪ್ಪಿದ.

ಆಗಸ್ಟ್ 1. ಕೊಡಗಿಗೆ ರೈಲಿಲ್ಲ. ಇಬ್ಬರೂ ರಾತ್ರಿ ಮೈಸೂರಿಗೆ ಬಂದು, ಬೆಳಿಗ್ಗೆ ಅಲ್ಲಿಂದ ಬಸ್ ಹತ್ತಿದ್ದರು. ಸುಮಾರು 120 ಕಿಲೋಮೀಟರ್. ಹನ್ನೆರಡೂವರೆಗೆ ಇಳಿದು ಸೀದಾ ಪಂದಿ ಕರಿಗೆ ಹೋಗುವುದು ಅಂತ ಬರೆದಿದ್ದೆ. ಸುಂಟಿಕೊಪ್ಪ ದಾಟಿದ ಮೇಲೆ ರಸ್ತೆಗೆ ಮರ ಬಿದ್ದು ಬಸ್ ನಿಂತುಬಿಟ್ಟಿತು. ಅವರು ಇಳಿದಾಗ ಮುಕ್ಕಾಲು ಮೂರು. ಹೋಟೆಲ್‌ನಲ್ಲಿ ಪಾತ್ರೆ ತೊಳೆಯುತ್ತಿದ್ದರಂತೆ. ನಾನು ಐದನೇ ಕ್ಲಾಸಿನಲ್ಲಿದ್ದೆ. "ಅಕ್ಕ, ಎಲ್ಲಾ ಖಾಲಿ, ಏನ್ ಮಾಡೋದು?" ಅಂತ ಮೆಸೇಜ್ ಬಂದಿತ್ತು. ಅಷ್ಟು ದಿನ ಕೂತು ಬರೆದ ಪ್ಲಾನ್ ಮೊದಲ ಹೊತ್ತಿಗೇ ತಪ್ಪಿದ್ದಕ್ಕೆ ನನಗೆ ಅಳುವೇ ಬಂತು. ಬಸ್ ದಿನದ ಮೊದಲ ಊಟಕ್ಕೆ ಹೊತ್ತು ಕಟ್ಟಬಾರದಿತ್ತು. ಇದನ್ನು ಓದಿ ಪ್ಲಾನ್ ಮಾಡುವವರು ದಯವಿಟ್ಟು ಇದೊಂದು ನೆನಪಿಡಿ. ಬರುವ ದಿನ ಯಾವಾಗ ಹೋದರೂ ಸಿಗುವಂಥದ್ದನ್ನೇ ಇಡಿ.

ಎರಡೆರಡು ಬಾಳೆಹಣ್ಣು ತಿಂದು ಮನೆಗೆ ಹೋಗಿ, ನಾಲ್ಕೂವರೆಗೆ ಸಂತೆ ಹತ್ತಿರ ಬನ್ನಿ ಅಂದೆ. ಹಸಿದ ಹೊಟ್ಟೆಯಲ್ಲಿ ಸಂತೆ ನೋಡುವುದು ಎಷ್ಟು ಚೆನ್ನ ಅಂತ ಆವತ್ತೇ ಗೊತ್ತಾಗಿದ್ದು. ಕೆಸುವಿನ ಎಲೆಯ ಕಟ್ಟು, ಕಳಲೆ, ಕಾಳುಮೆಣಸು, ಏಲಕ್ಕಿ, ಒಂದು ಮೂಲೆಯಲ್ಲಿ ಒಣಮೀನು. ತಮ್ಮನ ಹೆಂಡತಿ ಒಂದೊಂದನ್ನೂ ಕೈಯಲ್ಲಿ ಹಿಡಿದು ಮೂಸಿ, ಹೆಸರು ಕೇಳಿ, ಫೋನ್‌ನಲ್ಲಿ ಬರೆದುಕೊಂಡಳು. ಕೆಸುವಿನ ಎಳೆ ಎಲೆಯ ಎರಡು ಕಟ್ಟು ಅವಳೇ ಆರಿಸಿದಳು.

ರಾತ್ರಿ ಅಕ್ಕನ ಅಡುಗೆ ಮನೆಯಲ್ಲಿ ಒಟ್ಟಿ. ಬಿಸಿ ಅನ್ನವನ್ನು ಹಿಸುಕಿ, ಅಕ್ಕಿ ಹಿಟ್ಟು ಸೇರಿಸಿ, ಅಂಗೈಯ ಬುಡದಿಂದ ನಾದುತ್ತಾ ಇದ್ದರು. ಹಿಟ್ಟು ನುಣ್ಣಗಾಗುವವರೆಗೂ ಬಿಡಲಿಲ್ಲ. ತೆಳ್ಳಗೆ ಲಟ್ಟಿಸಿ ಕಾವಲಿಯಲ್ಲಿ ಎರಡೂ ಬದಿ ಬಾಡಿಸಿ, ಆಮೇಲೆ ಸೀದಾ ಒಲೆಯ ಕೆಂಡಕ್ಕೆ. ಒಂದು ಕ್ಷಣ ಸುಮ್ಮನಿದ್ದು ಒಟ್ಟಿ ಬಲೂನಿನಂತೆ ಉಬ್ಬಿತು. ಅದರ ಮೇಲೆ ಒಂದು ಚಮಚ ತುಪ್ಪ, ಪಕ್ಕದಲ್ಲಿ ಎಳ್ಳಿನ ಪಜ್ಜಿ, ಕೆಸುವಿನ ಕರಿ. ಕೆಸುವಿಗೆ ಹುಳಿ ಸಾಲದಿದ್ದರೆ ಗಂಟಲು ಕೆರೆಯುತ್ತೆ. ಅಕ್ಕ ಅದಕ್ಕೂ ಕಾಚಂಪುಳಿಯ ನಾಲ್ಕು ಹನಿ ಬಿಟ್ಟಿದ್ದರು. ತಮ್ಮನ ಹೆಂಡತಿ ಐದು ಒಟ್ಟಿ ತಿಂದಳು. ನಮ್ಮೂರ ಖಾರ ಮಂಡಕ್ಕಿ ಅಂತ ಅವಳು ದಾವಣಗೆರೆಯಿಂದ ತಂದಿದ್ದ ಪೊಟ್ಟಣವನ್ನು ಅಕ್ಕನ ಕೈಗಿಟ್ಟಳು. ಅಕ್ಕ ಮಾರನೇ ದಿನ ಕಾಫಿ ಜೊತೆ ಅದನ್ನೇ ತಿನ್ನುತ್ತಾ ಕೂತಿದ್ದರು.

ಶನಿವಾರ ನನಗೆ ಬೆಳಗಿನ ಶಾಲೆ. ಇಬ್ಬರನ್ನೇ ಕಳಿಸಿದೆ. ಹಾಗೆ ಆಗಬೇಕು ಅಂತಲೇ ಪ್ಲಾನ್ ಮಾಡಿದ್ದೆ. ಗಂಡ ಹೆಂಡತಿ ತಿರುಗಾಟಕ್ಕೆ ಎಲ್ಲಾ ಹೊತ್ತೂ ನಾನು ಯಾಕೆ? ತಿಂಡಿಗೆ ನೂಪುಟ್ಟು. ಅವನಿಗೆ ಕೋಳಿ ಕರಿ, ಅವಳಿಗೆ ಬೆಲ್ಲ ಹಾಕಿದ ತೆಂಗಿನಕಾಯಿ ಹಾಲು. ಆಮೇಲೆ ಕೋಟೆ. ಮುದ್ದುರಾಜ ಕಟ್ಟಿದ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಥೆ, ಒಳಗಿರುವ ಎರಡು ಗಾರೆಯ ಆನೆಗಳ ವಿಷಯ ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಅಲ್ಲಿಂದ ಇಳಿದರೆ ಓಂಕಾರೇಶ್ವರ. 1820ರಲ್ಲಿ ಲಿಂಗರಾಜ ಕಟ್ಟಿಸಿದ್ದು. ದೇವಸ್ಥಾನಕ್ಕೆ ಗುಮ್ಮಟ ಇರುವುದು ಇವರಿಗೆ ಹೊಸತು. ಮಳೆ ಹನಿ ಬೀಳುವಾಗ ಆ ಕೊಳದ ಮುಂದೆ ಒಂದು ಗಂಟೆ ಸುಮ್ಮನೆ ಕೂತಿದ್ದರಂತೆ. ನಾನು ಹದಿನೈದು ನಿಮಿಷ ಬರೆದಿದ್ದೆ.

ಮಧ್ಯಾಹ್ನ ಒಂದಕ್ಕೆ ಅದೇ ಹೋಟೆಲ್‌ನಲ್ಲಿ ಸೇರಿದೆವು. ಹಿಂದಿನ ರಾತ್ರಿಯೇ ಫೋನ್ ಮಾಡಿ ಎರಡು ಪ್ಲೇಟ್ ಎತ್ತಿಡಿಸಿದ್ದೆ. ಕಡಂಬುಟ್ಟು ಬಂತು. ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿ ಬೇಯಿಸಿದ ಬಿಳಿ ಉಂಡೆಗಳು. ಮುರಿದರೆ ತರಿ ತರಿಯಾಗಿ ಬಿಡುತ್ತೆ, ಆದರೆ ಉದುರಲ್ಲ. ಪಂದಿ ಕರಿ ಹೆಚ್ಚುಕಮ್ಮಿ ಕಪ್ಪಗಿತ್ತು. ಚರ್ಮ, ಕೊಬ್ಬು, ಮಾಂಸ ಮೂರೂ ಇರುವ ತುಂಡು, ಸುತ್ತ ದಪ್ಪ ಮಸಾಲೆ. ತಮ್ಮ ಉಂಡೆ ಮುರಿದು ಮಸಾಲೆಗೆ ಒತ್ತಿ ಬಾಯಿಗಿಟ್ಟ. ಮಾತೇ ಆಡಲಿಲ್ಲ. ಅವಳಿಗೆ ನಾನು ಡಬ್ಬಿಯಲ್ಲಿ ಬೈಂಬಳೆ ಕರಿ ತಂದಿದ್ದೆ. ಮೊದಲೇ ಕೇಳಿದ್ದರಿಂದ ಹೋಟೆಲ್‌ನವರು ಏನೂ ಅನ್ನಲಿಲ್ಲ, ಬೇರೆ ತಟ್ಟೆಯನ್ನೇ ಕೊಟ್ಟರು. ಅವಳು ಮೊದಲ ತುತ್ತು ತಿಂದು ನನ್ನ ಕಡೆ ನೋಡಿದಳು. "ಅತ್ತಿಗೆ, ಇದು ತರಕಾರಿನಾ?" ಅಂದಳು. ಕಳಲೆಗೆ ಅಗಿಯುವ ಗುಣ ಇದೆ. ಹುಳಿ ವಾಸನೆ, ತೆಂಗಿನಕಾಯಿ, ಮೆಣಸಿನ ಖಾರ ಎಲ್ಲಾ ಸೇರಿ ಯಾವ ಮಾಂಸಕ್ಕೂ ಕಡಿಮೆ ಇಲ್ಲದ ಗಟ್ಟಿ ರುಚಿ ಅದು. ಮೂರು ದಿನ ನೀರು ಬದಲಾಯಿಸಿದ್ದಕ್ಕೆ, ಬೇಯಿಸಿ ಕಾಪಾಡಿದ್ದಕ್ಕೆ ಅವತ್ತು ಮನಸ್ಸು ತುಂಬಿತು.

ಸಂಜೆ ರಾಜಾಸೀಟ್‌ನಲ್ಲಿ ಕಣಿವೆ ಕಾಣಲೇ ಇಲ್ಲ, ಬರೀ ಬಿಳಿ ಮಂಜು. ಪರವಾಗಿಲ್ಲ ಅಂತ ಪೇಟೆಗೆ ಬಂದು ಕಾಫಿ ಪುಡಿ ಅಂಗಡಿಯಲ್ಲಿ ನಿಂತೆವು. ದೇಶದ ಕಾಫಿಯಲ್ಲಿ ಮೂರನೇ ಒಂದು ಭಾಗದಷ್ಟು ಬೆಳೆಯುವ ಜಿಲ್ಲೆ ಇದು. ಇಲ್ಲಿಂದ ಪ್ಯಾಕೆಟ್ ಪುಡಿ ಒಯ್ಯಬಾರದು, ಕಣ್ಣೆದುರೇ ಬೀಜ ಪುಡಿ ಮಾಡಿಸಬೇಕು. ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಚಿಕೋರಿ ಬೇಕೋ ಬೇಡವೋ ಅಂತ ಕೇಳುತ್ತಾರೆ. ಹಾಲು ಹಾಕಿ ಕುಡಿಯುವವರಿಗೆ ರೋಬಸ್ಟಾ ಸ್ವಲ್ಪ ಇದ್ದರೇ ಗಟ್ಟಿ. ಎರಡನ್ನೂ ಸಮಸಮ ಹಾಕಿಸಿ, ಚಿಕೋರಿ ಬೇಡ ಅಂದೆವು. ಪಕ್ಕದ ಅಂಗಡಿಗಳಲ್ಲಿ ಸಾಲಾಗಿ ಚಾಕೊಲೇಟ್ ಇತ್ತು. ನಾನೇ ಬೇಡ ಅಂದೆ. ಅದರ ಬದಲು ಒಂದು ಬಾಟಲಿ ಕಾಚಂಪುಳಿ. ಬಾಟಲಿ ಬಗ್ಗಿಸಿದರೆ ನೀರಿನಂತೆ ಓಡಬಾರದು, ನಿಧಾನಕ್ಕೆ ಇಳಿಯಬೇಕು. ಹಾಗೆ ನೋಡಿ ಕೊಂಡೆವು.

ರಾತ್ರಿ ಮನೆಯಲ್ಲೇ ಪಾಪುಟ್ಟು, ಕಾಡು ಮಾವಿನ ಕರಿ. ಹುಳಿ, ಬೆಲ್ಲ, ಖಾರ. ಓಟೆ ಚೀಪುತ್ತಾ ಇಬ್ಬರೂ ಹತ್ತೂವರೆವರೆಗೆ ತಟ್ಟೆ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಎದ್ದಾಗಲೇ ಕೆಳಗಿನಿಂದ ಪರಿಮಳ ಬರುತ್ತಿತ್ತು. ಅಕ್ಕ ಆಗಲೇ ಮದ್ದು ಸೊಪ್ಪನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿದ್ದರು. ಹಸಿರು ಎಲೆ, ಆದರೆ ನೀರು ಕಡು ನೇರಳೆ. ತಮ್ಮನ ಹೆಂಡತಿ ಬಣ್ಣ ಹಾಕಿದ್ದಾರೆ ಅಂದುಕೊಂಡಿದ್ದಳು. ಅಕ್ಕ ಒಂದು ಹಿಡಿ ಹಸಿ ಸೊಪ್ಪನ್ನು ಅವಳ ಕೈಗೆ ಕೊಟ್ಟು, ಒಂದು ಲೋಟ ಬಿಸಿನೀರಲ್ಲಿ ಹಾಕಿ ನೋಡು ಅಂದರು. ಲೋಟದಲ್ಲಿ ಎಲೆಯ ಸುತ್ತ ಮೊದಲು ತಿಳಿ ಗುಲಾಬಿ, ಆಮೇಲೆ ನೇರಳೆ ಎಳೆ ಎಳೆಯಾಗಿ ಇಳಿಯಿತು. ಅವಳು ಬಗ್ಗಿ ನೋಡುತ್ತಲೇ ಇದ್ದಳು. ಸೋಸಿದ ಆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಲು ಹಾಕಿದರು. ಬಟ್ಟಲಿಗೆ ಬಿದ್ದಾಗ ನೇರಳೆ ಹಣ್ಣಿನ ಬಣ್ಣ. ಮೇಲೆ ತುಪ್ಪ. ಆ ಪರಿಮಳವನ್ನು ಹೇಗೆ ಹೇಳುವುದೋ ತಿಳಿಯದು. ಮಳೆಯಲ್ಲಿ ನೆನೆದ ಕಾಡಿನೊಳಗೆ ಯಾರೋ ಬೆಲ್ಲ ಕಾಯಿಸಿದ ಹಾಗೆ.

"ನಾಳೆವರೆಗೆ ಮೂತ್ರ ಕೆಂಪಗೆ ಬರುತ್ತೆ, ಹೆದರಬೇಡಿ" ಅಂತ ಅಕ್ಕ ಮುಂಚೆಯೇ ಹೇಳಿದರು. ಹೊರಗಿನವರಿಗೆ ಇದನ್ನು ಹೇಳದೆ ಮದ್ದು ಬಡಿಸಬಾರದು.

ಗದ್ದಿಗೆಗೆ ಹೋಗುವುದು ಅಂತ ಬರೆದಿತ್ತು. ಹೋಗಲಿಲ್ಲ. ಇಬ್ಬರೂ ಅಕ್ಕನ ಜಗಲಿಯಲ್ಲಿ ಬೆಲ್ಲದ ಕಾಫಿ ಹಿಡಿದು ಮಳೆ ನೋಡುತ್ತಾ ಕೂತರು. ನಾನು ಒಳಗೆ ಒಟ್ಟಿ, ಪಜ್ಜಿ ಬುತ್ತಿ ಕಟ್ಟಿದೆ. ಊಟ ತಿಂಡಿಗೆ ಅಂತ 3,000 ರೂಪಾಯಿ ಎತ್ತಿಟ್ಟಿದ್ದೆವು, ಅರ್ಧದಷ್ಟು ಉಳಿದಿತ್ತು. ಆ ದುಡ್ಡಲ್ಲಿ ಕೆಳಗಿನ ಮನೆ ಅಕ್ಕನಿಗೆ ಒಂದು ಒಳ್ಳೆಯ ಸ್ವೆಟರ್ ತರಬೇಕು ಅಂತ ತಮ್ಮ ಹೇಳಿದ.

ಬಸ್ ಸ್ಟ್ಯಾಂಡಿನಲ್ಲಿ ಕಾಚಂಪುಳಿ ಬಾಟಲಿಗೆ ಎರಡು ಟವೆಲ್ ಸುತ್ತಿ ಬ್ಯಾಗಿನ ನಡುವೆ ಇಟ್ಟೆ. ಬಸ್ ಹೊರಡುವಾಗ ತಮ್ಮನ ಹೆಂಡತಿ ಕಿಟಕಿಯಿಂದ ಕೂಗಿದಳು. "ಅತ್ತಿಗೆ, ಕುಮ್ಮು ಸಿಗಲಿಲ್ಲ ಅಲ್ವಾ? ಎದ್ದ ದಿನ ಫೋನ್ ಮಾಡಿ. ರಜೆ ಹಾಕಿ ಬರ್ತೀನಿ."